ಹಾರ್ನಿನಲ್ಲಿ ಕೇಳಿಸದ ಅರ್ಧ ಹಾಡು

ಡಿಜೆ ಕೆಲಸದ ಬಗ್ಗೆ ಏನೇ ಕೇಳಬೇಕೆನಿಸಿದರೂ ಬರೆದು ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಪತ್ರಗಳು ಬಂದಿವೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಜಾಸ್ತಿ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಹಾಸನದ ಸಂತೆಪೇಟೆಯಲ್ಲಿದ್ದ ಒಂದು ಸೌಂಡ್ ಸರ್ವಿಸ್ ಅಂಗಡಿಯ ಮಗಳು. 20 ವರ್ಷದಿಂದ ಡಿಜೆ. ಮದುವೆ ರಿಸೆಪ್ಷನ್, ಕಾಲೇಜು ಫೆಸ್ಟ್, ಸಕಲೇಶಪುರದ ರೆಸಾರ್ಟ್, ಬೆಂಗಳೂರಿನ ಕ್ಲಬ್ಬು, ಎಲ್ಲಾ ಕಡೆ ನುಡಿಸಿದ್ದೇನೆ. ಈಗ ನನ್ನದೇ ಟ್ರ್ಯಾಕುಗಳನ್ನೂ ಮಾಡುತ್ತೇನೆ.

ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರೂ ಸಂಗೀತಗಾರರಲ್ಲ ಎಂದು ಓದಿದೆ. ಹಾಗಿದ್ದರೆ ನಿಮಗೆ ಸಂಗೀತ ಎಲ್ಲಿಂದ ಬಂತು?
ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಅಪ್ಪನ ಅಂಗಡಿಯಿಂದ ಬಂತು. ಅಪ್ಪನಿಗೆ ಒಂದು ಸಾಲು ಹಾಡಲು ಬರುವುದಿಲ್ಲ. ಆದರೆ ಕಿವಿ ಇತ್ತು. ಮದುವೆ, ಜಾತ್ರೆ, ಚುನಾವಣೆ ಭಾಷಣ, ಯಾವುದಕ್ಕೆ ಕರೆದರೂ ಎರಡು ಹಾರ್ನ್ (ಕಹಳೆಯಂಥ ಬಾಯಿಯ ಸ್ಪೀಕರ್), ಒಂದು ಆಹುಜಾ ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್ ಕಟ್ಟಿಕೊಂಡು ಹೊರಡುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೂ ಟೆಂಪೋ ಹತ್ತುತ್ತಿದ್ದೆ. ಅವರು ತೆಂಗಿನ ಮರಕ್ಕೆ ಹಾರ್ನ್ ಕಟ್ಟುವಾಗ ಕೆಳಗೆ ನಿಂತು ವೈರು ಬಿಡುವುದು ನನ್ನ ಕೆಲಸ. ಮೈಕು ಕುಂಯ್ ಎಂದು ಕೂಗಿದರೆ ಅಪ್ಪ ದೂರದಿಂದಲೇ ಅಂಗೈ ಕೆಳಗೆ ಮಾಡಿ ತೋರಿಸುತ್ತಿದ್ದರು: ಇಳಿಸು. ಭಾಷಣ ಕೇಳಿಸುತ್ತಿಲ್ಲ ಎಂದು ಜನ ಗಲಾಟೆ ಮಾಡಿದಾಗಲೂ ಅದೇ ಕೈ. ಹಿಂದೆ ಓಡುತ್ತಿರುವ ಹಾಡು ಇಳಿಸು, ಮಾತು ತಾನೇ ಮುಂದೆ ಬರುತ್ತದೆ. ನನ್ನ ಮೊದಲ ಪಾಠ ಇದು. ಅದು ಪಾಠ ಎಂದು ಗೊತ್ತಾಗುವುದಕ್ಕೆ ಹದಿನೈದು ವರ್ಷ ಬೇಕಾಯಿತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬೇಸ್ ಬಾಕ್ಸ್ ಎರಡು ತಂದರು. ಬೇಸ್ ಎಂದರೆ ಹಾಡಿನ ತೀರಾ ಕೆಳಗಿನ, ದಪ್ಪ ದನಿ. 15 ಇಂಚಿನ ಸ್ಪೀಕರ್. ಅಂಗಡಿಯ ನೆಲದ ಮೇಲೇ ಇಟ್ಟು, ದಿನಾ ಹಾಕುತ್ತಿದ್ದ ಹಳೇ ಕ್ಯಾಸೆಟ್ ಹಾಕಿದರು. ನೂರಾರು ಸಲ ಕೇಳಿದ ಹಾಡು. ಅದರ ಕೆಳಗೆ ಇನ್ನೊಂದು ಹಾಡು ಓಡುತ್ತಿತ್ತು! ಬೇಸ್ ಗಿಟಾರ್ ತನ್ನ ಪಾಡಿಗೆ ನಡೆಯುತ್ತಿತ್ತು. ದನಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕವೇ ಹರ್ಟ್ಸ್, ಕಡಿಮೆಯಿದ್ದಷ್ಟು ದನಿ ದಪ್ಪ. ಹಾರ್ನ್ ಸ್ಪೀಕರ್ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ದನಿಯನ್ನು ಸರಿಯಾಗಿ ಕೊಡುವುದಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಅಂದರೆ ಅಲ್ಲಿಯವರೆಗೆ ನಮ್ಮೂರಿನ ಮದುವೆಗಳಲ್ಲಿ ನಾವೆಲ್ಲ ಕೇಳಿದ್ದು ಅರ್ಧ ಹಾಡು. ಅವತ್ತು ಸಂಜೆ ಅಂಗಡಿ ಬಾಗಿಲು ಹಾಕುವವರೆಗೂ ನಾನು ಆ ಬಾಕ್ಸಿಗೆ ಬೆನ್ನು ಕೊಟ್ಟು ಕೂತಿದ್ದೆ.

ಅಮ್ಮನ ಒತ್ತಾಯಕ್ಕೆ ಪಕ್ಕದ ಬೀದಿಯಲ್ಲಿ ಮೂರು ವರ್ಷ ಸಂಗೀತ ಪಾಠಕ್ಕೂ ಹೋದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ಅಲ್ಲಿಗೇ ನಿಂತಿತು. ಆದರೆ ತಾಳ ಕೈಯಲ್ಲಿ ಉಳಿಯಿತು. ಇವತ್ತಿಗೂ ಕನ್ಸೋಲ್ (ಹಾಡು ಬೆರೆಸುವ ಯಂತ್ರದ ಮೇಜು) ಹಿಂದೆ ನಿಂತಾಗ ಎಡಗೈ ತೊಡೆಯ ಮೇಲೆ ಆದಿತಾಳ ಹಾಕುತ್ತಿರುತ್ತದೆ.

ಹತ್ತನೇ ಕ್ಲಾಸಿನಲ್ಲಿ ಎರಡು ಕ್ಯಾಸೆಟ್ ಡೆಕ್ ಪಕ್ಕಪಕ್ಕ ಇಟ್ಟು, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಸೇರಿಸುವ ಹುಚ್ಚು ಹಿಡಿಯಿತು. ಎರಡರ ವೇಗ ಸೇರಬೇಕಲ್ಲ? ಡೆಕ್ಕಿನ ಹೊರಗೆ ಅದಕ್ಕೆ ಗುಂಡಿಯೇ ಇರಲಿಲ್ಲ. ಆದರೆ ಒಳಗೆ, ಮೋಟಾರಿನ ಬೆನ್ನಲ್ಲಿ ಒಂದು ಚಿಕ್ಕ ತೂತು ಇರುತ್ತದೆ. ಅದರೊಳಗೆ ವೇಗ ಸರಿ ಮಾಡುವ ಪುಟ್ಟ ಸ್ಕ್ರೂ. ರಿಪೇರಿಯವರಿಗೆ ಮಾತ್ರ ಗೊತ್ತಿರುವ ಜಾಗ. ನಾನು ಡೆಕ್ಕಿನ ಮುಚ್ಚಳ ಬಿಚ್ಚಿ, ವಾಚ್ ರಿಪೇರಿಯ ಸ್ಕ್ರೂಡ್ರೈವರ್ ಅದರೊಳಗೆ ಇಟ್ಟುಕೊಂಡೇ ಹಾಡು ಸೇರಿಸುತ್ತಿದ್ದೆ. ಅಪ್ಪ ನೋಡಿದರು. ಬೈಯಲಿಲ್ಲ. ಮಾರನೇ ದಿನ ಆ ಸ್ಕ್ರೂ ಜಾಗದಿಂದ ಎರಡು ವೈರು ಹೊರಗೆ ತಂದು, ತುದಿಗೆ ತಿರುಗಿಸುವ ಗುಂಡಿ ಕೂರಿಸಿ ಕೊಟ್ಟರು. ನನ್ನ ಮೊದಲ ಡಿಜೆ ಡೆಕ್ ಅದೇ.

ಪ್ರಶ್ನೆ: ಹಾಡು ಬೆರೆಸುವ ಈಗಿನ ಕಂಟ್ರೋಲರ್‌ಗಳಲ್ಲಿ ಸಿಂಕ್ ಬಟನ್ ಇದೆ. ಒತ್ತಿದರೆ ಎರಡು ಹಾಡಿನ ವೇಗ ಸೇರುತ್ತದೆ. ಹಾಗಿರುವಾಗ ಕಿವಿಯಿಂದ ಬೀಟ್ ಸೇರಿಸುವುದನ್ನು ಯಾಕೆ ಕಲಿಯಬೇಕು?
ಎಂಜಿನಿಯರಿಂಗ್ ವಿದ್ಯಾರ್ಥಿ, ಚನ್ನರಾಯಪಟ್ಟಣ

ಸಿಂಕ್ ಒತ್ತುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಒತ್ತುತ್ತೇನೆ. ಆದರೆ ಮೊದಲ ಆರು ತಿಂಗಳು ಅದನ್ನು ಮುಟ್ಟಬೇಡಿ. ಕಾರಣ ಹೇಳುತ್ತೇನೆ.

ಒಂದು ಹಾಡು ನಿಮಿಷಕ್ಕೆ 125 ಹೊಡೆತ, ಇನ್ನೊಂದು 126 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಒಂದೇ ಹೊಡೆತ ಅನಿಸುತ್ತದೆ, ಅಲ್ವಾ? ಎರಡನ್ನೂ ಒಟ್ಟಿಗೆ ಬಿಡಿ. ಅರ್ಧ ನಿಮಿಷದಲ್ಲಿ ಒಂದು ಇನ್ನೊಂದಕ್ಕಿಂತ ಅರ್ಧ ಹೊಡೆತ ಮುಂದೆ ಹೋಗಿರುತ್ತದೆ. ಎರಡು ಕುದುರೆ ಡಾಂಬರು ರಸ್ತೆಯಲ್ಲಿ ಓಡಿದ ಹಾಗೆ ಟಪಟಪ ಕೇಳಿಸುತ್ತದೆ. ಆ ಟಪಟಪ ಶುರುವಾಗುವ ಮೊದಲೇ, ಬರೀ ದನಿ ಸ್ವಲ್ಪ ಮಸುಕಾದಾಗಲೇ, ಕಿವಿಗೆ ಗೊತ್ತಾಗಬೇಕು. ಈ ಅಭ್ಯಾಸ ಮಾಡುತ್ತಾ ಮಾಡುತ್ತಾ ನೀವು ಹಾಡು ಕೇಳುವುದನ್ನು ಬಿಟ್ಟು ಹಾಡಿನ ಒಳಗಡೆ ಕೇಳಲು ಶುರುಮಾಡುತ್ತೀರಿ. ಕಿಕ್ ಎಂಬ ದೊಡ್ಡ ಡ್ರಮ್ಮಿನ ಹೊಡೆತ ಬೇರೆ, ಬೇಸ್ ಬೇರೆ, ಹೈ ಹ್ಯಾಟ್ ಎಂಬ ಜೋಡಿ ತಟ್ಟೆಯ ಸಣ್ಣ ಸದ್ದು ಬೇರೆ. ಸಿಂಕ್ ಬಟನ್ ವೇಗ ಸೇರಿಸಿಕೊಡುತ್ತದೆ. ಆ ಕಿವಿ ಕೊಡುವುದಿಲ್ಲ.

ಇನ್ನೊಂದು ವಿಷಯ, ಇದು ಇನ್ನೂ ಮುಖ್ಯ. ವೇಗ ಸೇರಿದರೆ ಸಾಲದು, ಎಣಿಕೆ ಸೇರಬೇಕು. ಹೌಸ್, ಟೆಕ್ನೋ ಎಂಬ ಕುಣಿತದ ಮೆಷಿನ್ ಸಂಗೀತದ ಟ್ರ್ಯಾಕುಗಳು ಸಾಮಾನ್ಯವಾಗಿ 32 ಹೊಡೆತಕ್ಕೊಮ್ಮೆ ತಿರುವು ತೆಗೆದುಕೊಳ್ಳುತ್ತವೆ. ಹೊಸ ದನಿ ಬರುವುದು, ಡ್ರಮ್ ನಿಲ್ಲುವುದು ಅಲ್ಲೇ. ಆದಿತಾಳ ಗೊತ್ತಿರುವವರಿಗೆ ಇದು ಸುಲಭ. ನಾಲ್ಕು ಎರಡು ಎರಡು, ಒಟ್ಟು ಎಂಟು. ಅಂಥ ನಾಲ್ಕು ಆವರ್ತನ ಹಾಕಿದರೆ 32 ಆಯಿತು. ನಾನು ಹುಡುಗರಿಗೆ ಕಲಿಸುವುದು ಹೀಗೇ. ತೊಡೆಯ ಮೇಲೆ ನಾಲ್ಕು ಆವರ್ತನ ಹಾಕಿ, ಐದನೆಯದರ ಮೊದಲ ತಟ್ಟಿಗೆ ಎರಡನೇ ಹಾಡು ಬಿಡಿ. ಮೆಷಿನ್ 125 ಎಂದು ತೋರಿಸುತ್ತದೆ. ನೀವು ಎಷ್ಟನೇ ಆವರ್ತನದಲ್ಲಿ ಇದ್ದೀರಿ ಎಂದು ನಿಮ್ಮ ತೊಡೆಗೆ ಗೊತ್ತಿರಬೇಕು.

ಇಷ್ಟಾದ ಮೇಲೆ ಬರುವುದು ಇಳಿಸುವ ಪಾಠ. ಎರಡು ಹಾಡಿನ ಬೇಸ್ ಒಟ್ಟಿಗೆ ಓಡಿದರೆ ಕೆಸರು ಕಲಸಿದಂತೆ ಆಗುತ್ತದೆ. ಹೊಸ ಹಾಡನ್ನು ಒಳಗೆ ಬಿಡುವಾಗ ಅದರ ಬೇಸ್ ಗುಂಡಿ ಪೂರ್ತಿ ಕೆಳಗೆ ಇರಲಿ. ತಿರುವು ಬಂದ ಕ್ಷಣ ಹಳೆಯದರ ಬೇಸ್ ತೆಗೆದು, ಹೊಸದರದ್ದು ತನ್ನಿ. ಕುಣಿಯುವವರು ಕಾಲು ಬದಲಿಸುವುದು ಆಗಲೇ. ನಾನು ಮೊದಲ ಎರಡು ವರ್ಷ ಇದನ್ನು ತಿಳಿಯದೆ ಎರಡು ಬೇಸನ್ನೂ ಏರಿಸಿಯೇ ಇಡುತ್ತಿದ್ದೆ. ದನಿ ಜೋರಾಗಿತ್ತು, ಕುಣಿತ ಕಡಿಮೆಯಿತ್ತು.

ಪ್ರಶ್ನೆ: ಬೇರೆಯವರ ಹಾಡು ಹಾಕುವುದು ಸಂಗೀತ ಹೇಗಾಗುತ್ತದೆ? ಅದೂ ಅಲ್ಲದೆ, ಗಣಪತಿ ಬಿಡುವ ದಿನ ನಮ್ಮ ಬೀದಿಯಲ್ಲಿ ಬಂದ ಡಿಜೆ ಸದ್ದಿಗೆ ಕಿಟಕಿ ಗಾಜು ಅದುರಿತು. ನನ್ನ ಹೆಂಡತಿಗೆ ಹೃದಯದ ತೊಂದರೆ ಇದೆ. ನಿಮಗೆ ಇದು ಸರಿ ಅನಿಸುತ್ತದೆಯೇ?
ನಿವೃತ್ತ ಮೇಷ್ಟ್ರು, ಹಾಸನ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ ಮೇಷ್ಟ್ರೇ. ಸರಿ ಅನಿಸುವುದಿಲ್ಲ. ತಪ್ಪು ಅದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಮೆರವಣಿಗೆಯ ಬಾಕ್ಸಿನ ಮುಂದೆ ನಿಂತರೆ 100 ದಾಟಿರುತ್ತದೆ. ಕಿಟಕಿ ಅದುರುವುದಕ್ಕೂ ಕಾರಣ ಇದೆ. 50 ಹರ್ಟ್ಸ್‌ನ ಬೇಸ್ ಅಲೆ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಯನ್ನು ಮನೆಯ ಗೋಡೆ, ಬಾಗಿಲು ತಡೆಯುವುದಿಲ್ಲ. ಹಾಡಿನ ಮಾತು ಬೀದಿಯಲ್ಲೇ ಉಳಿಯುತ್ತದೆ, ಬೇಸ್ ಮಾತ್ರ ನಿಮ್ಮ ಹಾಸಿಗೆಯವರೆಗೆ ಬರುತ್ತದೆ. ಕಿರಿದಾದ ಬೀದಿಗಳ ಮೆರವಣಿಗೆಗೆ ನಾನು ಎಂಟು ವರ್ಷದಿಂದ ಹೋಗುತ್ತಿಲ್ಲ. ಒಳ್ಳೆಯ ದುಡ್ಡು ಬರುವ ಕೆಲಸ ಅದು, ಆದರೂ ಬಿಟ್ಟೆ. ನಿಮ್ಮ ಮನೆಯವರು ಅವತ್ತು ಪಟ್ಟ ಕಷ್ಟಕ್ಕೆ ನಮ್ಮ ಕಸುಬಿನವರ ಪರವಾಗಿ ಕ್ಷಮೆ ಕೇಳುತ್ತೇನೆ.

ಇನ್ನು ಬೇರೆಯವರ ಹಾಡು. ಇದಕ್ಕೆ ಜಮೈಕಾದ ಕಥೆ ಹೇಳಬೇಕು. 1950ರ ಸುಮಾರಿಗೆ ಆ ದ್ವೀಪದಲ್ಲಿ ಬಡವರ ಕೇರಿಗಳಿಗೆ ಹಾಡು ತಂದವರು ಸೌಂಡ್ ಸಿಸ್ಟಮ್‌ನವರು. ಆಂಪ್ಲಿಫೈಯರ್, ದೊಡ್ಡ ಬಾಕ್ಸು ಲಾರಿಯಲ್ಲಿ ಹೇರಿಕೊಂಡು ಹೋಗಿ ಬೀದಿಯಲ್ಲಿ ಹಾಡು ಹಾಕುತ್ತಿದ್ದರು. ನಮ್ಮ ಅಪ್ಪನ ಟೆಂಪೋ ಹಾಗೆಯೇ. ಅವರಲ್ಲಿ ಕಿಂಗ್ ಟಬ್ಬಿ ಎಂಬಾತ ಕಿಂಗ್‌ಸ್ಟನ್ ಪಟ್ಟಣದಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವನು. 1970ರ ದಶಕದ ಮೊದಲಲ್ಲಿ ಅವನು ಒಂದು ಕೆಲಸ ಮಾಡಿದ. ಆಗಲೇ ರೆಕಾರ್ಡ್ ಆಗಿದ್ದ ಹಾಡಿನಿಂದ ದನಿ ತೆಗೆದ. ಗಿಟಾರ್ ತೆಗೆದ. ಡ್ರಮ್ಮು, ಬೇಸು ಮಾತ್ರ ಬಿಟ್ಟ. ನಡುವೆ ಒಂದು ಮಾತನ್ನು ಹಾಗೇ ತೇಲಿಸಿ, ಪ್ರತಿಧ್ವನಿ ಕೊಟ್ಟು ಮತ್ತೆ ಮರೆಮಾಡಿದ. ಡಬ್ ಎಂಬ ಹೊಸ ಸಂಗೀತವೇ ಹುಟ್ಟಿತು. ಅವನು ಒಂದು ಸ್ವರವನ್ನೂ ಹೊಸದಾಗಿ ನುಡಿಸಿರಲಿಲ್ಲ.

ಜಮೈಕಾದಿಂದಲೇ ನ್ಯೂಯಾರ್ಕಿಗೆ ವಲಸೆ ಹೋದ ಕೂಲ್ ಹರ್ಕ್ ಎಂಬ ಹುಡುಗ 1973ರ ಆಗಸ್ಟ್ 11ರಂದು ತನ್ನ ತಂಗಿಯ ಪಾರ್ಟಿಯಲ್ಲಿ ರೆಕಾರ್ಡ್ ಹಾಕಿದ. ಹಾಡಿನ ನಡುವೆ ಬರೀ ಡ್ರಮ್ ಕೇಳಿಸುವ ನಾಲ್ಕಾರು ಸೆಕೆಂಡ್ ಬಂದಾಗ ಜನ ಜಾಸ್ತಿ ಕುಣಿಯುತ್ತಾರೆ ಎಂದು ಅವನಿಗೆ ಗೊತ್ತಾಗಿತ್ತು. ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಟರ್ನ್‌ಟೇಬಲ್ ಮೇಲಿಟ್ಟು, ಆ ಡ್ರಮ್ಮಿನ ಭಾಗವನ್ನೇ ಹಿಂದೆ ಮುಂದೆ ಮಾಡಿ ಉದ್ದ ಮಾಡುವುದು ಅವನ ವಿದ್ಯೆ. ಹಿಪ್ ಹಾಪ್ ಹುಟ್ಟಿದ ದಿನ ಎಂದು ಆ ದಿನವನ್ನೇ ಹೇಳುತ್ತಾರೆ.

ನಾನು ಈ ಕಥೆ ಓದಿದ್ದು 2009ರಲ್ಲಿ. ಓದಿ ಅಪ್ಪನಿಗೆ ಹೇಳಿದೆ, ನಿಮ್ಮ ಹಾಗೇ ಆಂಪ್ಲಿಫೈಯರ್ ರಿಪೇರಿ ಮಾಡುವವನು ಹೊಸ ಸಂಗೀತ ಮಾಡಿದ್ದಾನೆ ಎಂದು. "ಏನು ಸೇರಿಸಿದ?" ಎಂದು ಕೇಳಿದರು. ಏನೂ ಇಲ್ಲ, ತೆಗೆದ ಎಂದೆ. ಸುಮ್ನೆ ತಲೆಯಾಡಿಸಿದರು. ಅವರಿಗೆ ಅದು ಹೊಸ ವಿಷಯ ಆಗಿರಲಿಲ್ಲ.

ಪ್ರಶ್ನೆ: ಶುರು ಮಾಡಲು ಏನೇನು ಕೊಳ್ಳಬೇಕು? ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತೇನೆ. ಜಾಸ್ತಿ ದುಡ್ಡಿಲ್ಲ.
ಓದುಗ, ಸಕಲೇಶಪುರ

ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಸಾಕು. ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಒಂದು ಕೊಳ್ಳಿ. ದುಡ್ಡು ಹಾಕುವುದಿದ್ದರೆ ಮೊದಲು ಅಲ್ಲಿ ಹಾಕಿ. ಆಮೇಲೆ ಎರಡು ಚಾನೆಲ್ಲಿನ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್. ದನಿ ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಹಾಡುಗಳನ್ನು 320 ಕೆಬಿಪಿಎಸ್‌ನಲ್ಲಿ ಅಥವಾ ದನಿ ಕುಗ್ಗಿಸದ ವೇವ್ ಫೈಲಿನಲ್ಲಿ ಇಟ್ಟುಕೊಳ್ಳಿ. ಕೆಬಿಪಿಎಸ್ ಎಂದರೆ ಫೈಲಿನಲ್ಲಿ ಸೆಕೆಂಡಿಗೆ ಎಷ್ಟು ಮಾಹಿತಿ ಇದೆ ಎಂಬ ಲೆಕ್ಕ, ಜಾಸ್ತಿಯಾದಷ್ಟು ದನಿ ಚೆನ್ನ. 128ರ ಫೈಲಿನಲ್ಲಿ ಮೇಲಿನ ದನಿ ಕತ್ತರಿಸಿ ಹೋಗಿರುತ್ತದೆ. ಫೋನಿನಲ್ಲಿ ಗೊತ್ತಾಗುವುದಿಲ್ಲ, ದೊಡ್ಡ ಬಾಕ್ಸಿನಲ್ಲಿ ತಗಡಿನ ಹಾಗೆ ಕೇಳಿಸುತ್ತದೆ. ಸಾಲ ಮಾತ್ರ ಮಾಡಬೇಡಿ.

ಪ್ರಶ್ನೆ: ನಿಮ್ಮ ಟ್ರ್ಯಾಕಿನಲ್ಲಿ ತಮಟೆ ಕೇಳಿದೆ. ನಮ್ಮ ಚಿಕ್ಕಪ್ಪ ತಮಟೆ ಬಾರಿಸುತ್ತಾರೆ. ಮೆಷಿನ್ ಸಂಗೀತಕ್ಕೆ ಅದು ಹೇಗೆ ಕೂಡಿತು? ಅದರ ದುಡ್ಡು ಯಾರಿಗೆ ಹೋಗುತ್ತದೆ?
ಓದುಗ, ಬೇಲೂರು

ಈ ಪ್ರಶ್ನೆ ಬಂದದ್ದಕ್ಕೆ ನನಗೆ ತುಂಬಾ ಸಂತೋಷ. ಉದ್ದ ಉತ್ತರ ಬರೆಯುತ್ತೇನೆ, ಓದಿ.

ಹಾಸನ ಹೊರವಲಯದ ಒಂದು ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್. ಜುಲೈ ತಿಂಗಳು, ಬಿಡದ ಮಳೆ. ರಾತ್ರಿ ಎಂಟೂವರೆಗೆ ಕರೆಂಟು ಹೋಯಿತು. ಜನರೇಟರ್ ಶುರುವಾಗಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದೆ, ಬಾಕ್ಸು ಸತ್ತು ಹೋಗಿದೆ. ಮುನ್ನೂರು ಜನ ಕತ್ತಲಲ್ಲಿ ನಿಂತಿದ್ದಾರೆ. ಮದುಮಗನ ಮೆರವಣಿಗೆಗೆ ಬಂದಿದ್ದ ತಮಟೆಯವರು ಹೊರಗೆ, ಶೀಟಿನ ಕೆಳಗೆ ಬೆಂಕಿ ಹಾಕಿಕೊಂಡು ಕೂತಿದ್ದರು. ಯಾರೋ ಕೂಗಿದರು. ಐದು ಜನ ಒಳಗೆ ಬಂದರು. ಆಮೇಲೆ ಹನ್ನೊಂದು ನಿಮಿಷ ಮಂಟಪದ ನೆಲ ಅದುರಿತು. ನಾನು ಎರಡು ಗಂಟೆ ಹಾಡು ಹಾಕಿದಾಗ ಕುರ್ಚಿಯಿಂದ ಏಳದಿದ್ದ ಅಜ್ಜಿಯರು ಎದ್ದು ಬಂದರು.

ನಾನು ಸುಮ್ಮನೆ ನಿಂತು ಲ್ಯಾಪ್‌ಟಾಪಿನ ಟ್ಯಾಪ್ ಬಟನ್ ಮೇಲೆ ಅವರ ಹೊಡೆತ ತಟ್ಟುತ್ತಾ ಹೋದೆ. ಶುರುವಿನಲ್ಲಿ ನಿಮಿಷಕ್ಕೆ 112 ಹೊಡೆತ. ಮುಗಿಯುವಾಗ 126. ಯಾವ ಕ್ಷಣದಲ್ಲಿ ಏರಿತು ಎಂದು ಒಬ್ಬರಿಗೂ ತಿಳಿಯಲಿಲ್ಲ. ಏರುವ ಮೊದಲು ಪ್ರತಿ ಸಲ ಅವರು ಸ್ವಲ್ಪ ಹೊತ್ತು ದನಿ ತಗ್ಗಿಸುತ್ತಿದ್ದರು. ಒಬ್ಬರು ಮಾತ್ರ ಸಣ್ಣ ಕಡ್ಡಿಯಲ್ಲಿ ಅಂಚಿನ ಮೇಲೆ ನುಡಿಸುತ್ತಿದ್ದರು, ಉಳಿದ ನಾಲ್ವರು ನಿಲ್ಲಿಸುತ್ತಿದ್ದರು. ಆಮೇಲೆ ದಪ್ಪ ಕೋಲು ನಡುವಿಗೆ ಬೀಳುತ್ತಿತ್ತು. ಟಬ್ಬಿ ಮಾಡಿದ್ದು ಇದನ್ನೇ, ಅಪ್ಪ ಹೇಳುತ್ತಿದ್ದದ್ದೂ ಇದನ್ನೇ. ನಮ್ಮೂರಲ್ಲಿ ಇದು ಮೊದಲಿಂದಲೂ ಇತ್ತು. ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೆ.

ಕರೆಂಟು ಬಂತು. ಅವರನ್ನು ಮತ್ತೆ ಹೊರಗೆ ಕಳಿಸಿದರು. ಊಟ ಕೊನೆಯ ಪಂಕ್ತಿಯಲ್ಲಿ, ಹೊರಗೇ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ನಾನು ಆ ರಾತ್ರಿ ಏನೂ ಮಾತಾಡಲಿಲ್ಲ. ಮಾತಾಡಬೇಕಿತ್ತು.

ಎರಡು ವಾರ ಬಿಟ್ಟು ಅವರಲ್ಲಿ ಹಿರಿಯರೊಬ್ಬರ ಮನೆಗೆ ಹೋದೆ. ರೆಕಾರ್ಡ್ ಮಾಡಬೇಕು ಎಂದೆ. ಒಪ್ಪಿದರು. ಮಳೆಗಾಲದಲ್ಲಿ ತಮಟೆ ರೆಕಾರ್ಡ್ ಮಾಡುವುದು ಎಷ್ಟು ಕಷ್ಟ ಎಂದು ಅಲ್ಲಿ ಗೊತ್ತಾಯಿತು. ಬೆಂಕಿಗೆ ಕಾಯಿಸಿದಾಗ ಚರ್ಮ ಬಿಗಿಯುತ್ತದೆ, ದನಿ ಟಣ್ ಎನ್ನುತ್ತದೆ. ತಂಪು ಹವೆಗೆ ಹತ್ತು ನಿಮಿಷದಲ್ಲಿ ಸಡಿಲವಾಗಿ ಬೊದ್ ಎನ್ನುತ್ತದೆ. ಹತ್ತು ನಿಮಿಷ ರೆಕಾರ್ಡ್, ಮತ್ತೆ ಬೆಂಕಿ. ಮೈಕು ಹತ್ತಿರ ಇಟ್ಟರೆ ದನಿ ಒಡೆಯುತ್ತಿತ್ತು. ಕೊನೆಗೆ ಒಂದು ಮೈಕು ಆರು ಅಡಿ ದೂರ, ಇನ್ನೊಂದು ತಮಟೆಯ ಹಿಂಭಾಗಕ್ಕೆ. ಹಿಂದಿನ ಮೈಕಿನಲ್ಲಿ ಬೇಸ್ ಸಿಕ್ಕಿತು.

ಮನೆಗೆ ಬಂದು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರತಿ ಹೊಡೆತವನ್ನೂ ಕಂಪ್ಯೂಟರಿನ ಗೆರೆಗೆ ಸರಿಯಾಗಿ ಕೂರಿಸಿದೆ. 120 ಎಂದರೆ 120. ಅದಕ್ಕೆ ಕಿಕ್ ಹಾಕಿ, ಸಿಂಥ್ (ಮೆಷಿನ್ನಿನಲ್ಲಿ ಹುಟ್ಟಿಸುವ ಸ್ವರ) ಹಾಕಿ, ಹೋಗಿ ಅವರಿಗೆ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು. ತೆಗೆದು ಕೈಗೆ ಕೊಟ್ಟು, "ಚೆನ್ನಾಗಿದೆ ಕಣಮ್ಮ, ಆದ್ರೆ ಇದು ನಾನಲ್ಲ" ಎಂದರು.

ಮನೆಗೆ ಬಂದು ಎಲ್ಲಾ ಅಳಿಸಿದೆ. ಈ ಸಲ ತಮಟೆಯನ್ನು ಮುಟ್ಟಲಿಲ್ಲ. ಅವರ ಹೊಡೆತ ಎಲ್ಲಿ ಬೀಳುತ್ತದೋ ಅಲ್ಲಿಗೆ ಮೆಷಿನ್ನಿನ ಕಿಕ್ಕನ್ನು ಒಂದೊಂದಾಗಿ ಸರಿಸಿದೆ. ಆರು ನಿಮಿಷದ ಟ್ರ್ಯಾಕಿನಲ್ಲಿ ಏಳು ನೂರಕ್ಕೂ ಹೆಚ್ಚು ಕಿಕ್. ಮೂರು ವಾರ ಹಿಡಿಯಿತು. ಆಮೇಲೆ ಸಿಂಥ್ ಅರ್ಧಕ್ಕರ್ಧ ತೆಗೆದೆ, ತಮಟೆಗೆ ಜಾಗ ಬೇಕಿತ್ತು. ನೀವು ಕೇಳಿದ ಟ್ರ್ಯಾಕ್ ಅದು. 20 ವರ್ಷದಲ್ಲಿ ನಾನು ಸಂಗೀತದಲ್ಲಿ ಬೆಳೆದೆ ಎಂದು ಧೈರ್ಯವಾಗಿ ಹೇಳಬಹುದಾದ ಕೆಲಸ ಅದೊಂದೇ.

ದುಡ್ಡಿನ ವಿಷಯ. ಟ್ರ್ಯಾಕಿನ ಮೇಲೆ ಐದೂ ಜನರ ಹೆಸರು ಇದೆ, ನನ್ನ ಹೆಸರಿನ ಅಳತೆಯಲ್ಲೇ. ಬರುವುದರಲ್ಲಿ ಅರ್ಧ ಅವರಿಗೆ, ಛಾಪಾ ಕಾಗದದ ಮೇಲೆ ಬರೆದಿದ್ದೇವೆ. ರೆಕಾರ್ಡಿಂಗ್ ದಿನದ ಕೂಲಿ ಬೇರೆ. ನಿಮ್ಮ ಚಿಕ್ಕಪ್ಪನ ಹತ್ತಿರ ಯಾರಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ ಎಂದು ಬಂದರೆ ಮೊದಲು ಕಾಗದ ಕೇಳಿ. ನಾಚಿಕೆ ಬೇಡ. ಅವರ ಸಂಗೀತ ಪುಕ್ಕಟೆ ಅಲ್ಲ.

ಪ್ರಶ್ನೆ: ಮಗಳಿಗೆ 19 ವರ್ಷ. ಡಿಜೆ ಆಗುತ್ತೇನೆ ಎನ್ನುತ್ತಾಳೆ. ರಾತ್ರಿ ಕೆಲಸ, ಕುಡಿದವರ ನಡುವೆ. ಕಳಿಸಬಹುದಾ?
ಒಬ್ಬ ತಾಯಿ, ಆಲೂರು

ನಿಮ್ಮ ಭಯ ನಿಜವಾದದ್ದು, ಅದನ್ನು ಸುಳ್ಳು ಎನ್ನುವುದಿಲ್ಲ. ಕನ್ಸೋಲಿನ ಹತ್ತಿರ ಬಂದು ಕೈ ಹಾಕಿದವರಿದ್ದಾರೆ. ಒಂದು ಕಡೆ ಕೆಲಸ ಮುಗಿಸಿದ ಮೇಲೆ ಒಪ್ಪಿದ ದುಡ್ಡಿನಲ್ಲಿ ಅರ್ಧ ಕೊಟ್ಟು, ಹೆಂಗಸಿಗೆ ಇಷ್ಟು ಸಾಕು ಎಂದು ಕಳಿಸಿದ್ದರು. ಆಮೇಲಿಂದ ನಾನು ಕೆಲವು ಕಟ್ಟುಪಾಡು ಇಟ್ಟುಕೊಂಡೆ. ಅರ್ಧ ದುಡ್ಡು ಮುಂಗಡ. ಮುಗಿಸುವ ಸಮಯ ಬರವಣಿಗೆಯಲ್ಲಿ. ಹೋಗಿ ಬರುವ ಗಾಡಿ ನನ್ನದೇ, ಗೊತ್ತಿರುವ ಡ್ರೈವರ್. ಕನ್ಸೋಲಿನ ಹಿಂದೆ ಗೋಡೆ ಇರಬೇಕು, ಯಾರೂ ಹಿಂದಿನಿಂದ ಬರಬಾರದು. ಮೊದಲ ಎರಡು ವರ್ಷ ಅಪ್ಪ ಜೊತೆಗೆ ಬರುತ್ತಿದ್ದರು. ಈಗ ನನ್ನ ಸಹಾಯಕಿ ಬರುತ್ತಾಳೆ.

ಮಗಳನ್ನು ಒಂದು ಸಲ ನನ್ನ ಜೊತೆ ಸೌಂಡ್ ಚೆಕ್‌ಗೆ ಕಳಿಸಿ. ಮಧ್ಯಾಹ್ನ ಎರಡರಿಂದ ಐದು. ನೀವೂ ಬನ್ನಿ. ವೈರು ಸುತ್ತುವುದು, ಬಾಕ್ಸು ಹೊರುವುದು ಅವಳಿಗೆ ಬೇಸರ ಆಗದಿದ್ದರೆ ಈ ಕೆಲಸ ಅವಳಿಗೆ ಒಗ್ಗುತ್ತದೆ. ಡಿಗ್ರಿ ಮಾತ್ರ ಮುಗಿಸಲಿ.

ಪ್ರಶ್ನೆ: ಎಲೆಕ್ಟ್ರಾನಿಕ್ ಸಂಗೀತ ಎಲ್ಲಾ ಹೊರದೇಶದ್ದೇ. ನಮ್ಮವರು ಯಾರೂ ಮಾಡಿಲ್ಲವೇ?
ಸಂಗೀತ ಶಿಕ್ಷಕಿ, ಚಿಕ್ಕಮಗಳೂರು

ಮಾಡಿದ್ದಾರೆ, ಅದೂ ಬಹಳ ಬೇಗ. ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಒಂದು ರೆಕಾರ್ಡ್ ತಂದರು. ರೋಲ್ಯಾಂಡ್ ಕಂಪನಿಯ ಮೂರು ಮೆಷಿನ್: ಜ್ಯೂಪಿಟರ್ 8 ಸಿಂಥಸೈಜರ್, ಟಿಆರ್ 808 ಡ್ರಮ್ ಮೆಷಿನ್, ಟಿಬಿ 303 ಬೇಸ್ ಮೆಷಿನ್. ಅದರಲ್ಲಿ ಹತ್ತು ರಾಗ ನುಡಿಸಿದರು. ಯಮನ್, ಭೂಪಾಲಿ, ಮಾಲ್ಕೌಂಸ್ ಇವೆ. ನಿಮ್ಮ ಪಾಠದ ಭಾಷೆಯಲ್ಲಿ ಹೇಳಿದರೆ ಕಲ್ಯಾಣಿ, ಮೋಹನ, ಹಿಂದೋಳ. 303 ಎಂಬ ಮೆಷಿನ್ ಬಂದದ್ದು ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಬೇಸ್ ಗಿಟಾರಿನ ಬದಲಿಗೆ. ಆ ಕೆಲಸಕ್ಕೆ ಅದು ಒಗ್ಗಲಿಲ್ಲ, ಕೆಲವೇ ವರ್ಷದಲ್ಲಿ ನಿಂತೂ ಹೋಯಿತು. ಚಿಕಾಗೋದ ಹುಡುಗರು ಅದನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಂಡು, ಗುಂಡಿಗಳನ್ನು ತಿರುಗಿಸುತ್ತಾ ಆಸಿಡ್ ಹೌಸ್ ಎಂಬ ಸಂಗೀತ ಮಾಡಿದರು. ಅದು ಹೆಸರು ಮಾಡಿದ್ದು 1987ರ ಹೊತ್ತಿಗೆ. ಚರಣ್‌ಜಿತ್ ಅವರ ರಾಗಗಳು ಅದಕ್ಕೆ ಐದು ವರ್ಷ ಮೊದಲೇ ಅದೇ ದನಿಯಲ್ಲಿ ಇದ್ದವು. ಯಾರೂ ಗಮನಿಸಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದ ಮೇಲೆ ಜಗತ್ತು ಕಿವಿ ಕೊಟ್ಟಿತು. 2015ರಲ್ಲಿ ಅವರು ತೀರಿಕೊಂಡರು.

ಆ ಮೆಷಿನ್ ರಾಗಕ್ಕೆ ಯಾಕೆ ಒಗ್ಗಿತು ಗೊತ್ತಾ? 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇದೆ. ನೀವು ಮಕ್ಕಳಿಗೆ ಜಾರು ಕಲಿಸುತ್ತೀರಲ್ಲ, ಅದಕ್ಕೆ ಹತ್ತಿರದ್ದು. ಒಮ್ಮೆ ನಿಮ್ಮ ತರಗತಿಯಲ್ಲಿ ಕೇಳಿಸಿ ನೋಡಿ. ಮಕ್ಕಳು ರಾಗ ಗುರುತಿಸುತ್ತಾರೆ.

ಪ್ರಶ್ನೆ: ಪ್ರೋಗ್ರಾಂ ಮುಗಿಸಿ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಬೆಳಿಗ್ಗೆ ಸರಿಹೋಗುತ್ತದೆ. ತೊಂದರೆ ಇಲ್ಲ ಅಲ್ವಾ?
ಹೊಸ ಡಿಜೆ, ಹೊಳೆನರಸೀಪುರ

ತೊಂದರೆ ಇದೆ. ದಯವಿಟ್ಟು ಈ ವಾರವೇ ಕಿವಿ ಡಾಕ್ಟರ್ ಹತ್ತಿರ ಹೋಗಿ. 85 ಡೆಸಿಬೆಲ್ ದನಿಯನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎಂಬುದು ಒಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2. ಹಾಗೆ ಇಳಿಯುತ್ತಾ 100ಕ್ಕೆ ಬಂದಾಗ ಬರೀ 15 ನಿಮಿಷ. ನೀವು ಬಾಕ್ಸಿನ ಪಕ್ಕ ನಾಲ್ಕು ಗಂಟೆ ನಿಲ್ಲುತ್ತೀರಿ. ಇಯರ್ ಪ್ಲಗ್ ಹಾಕಿ. ಬಾಕ್ಸನ್ನು ನಿಮಗಿಂತ ಮುಂದೆ ಇಡಿ.

ನಮ್ಮ ಅಪ್ಪ 30 ವರ್ಷ ಹಾರ್ನಿನ ಕೆಳಗೆ ನಿಂತರು. ಈಗ ಅವರಿಗೆ ಹೈ ಹ್ಯಾಟ್ ಕೇಳಿಸುವುದಿಲ್ಲ, ಗುಬ್ಬಿ ಕೇಳಿಸುವುದಿಲ್ಲ. ಒಳಗಿವಿಯ ಆ ಸಣ್ಣ ಕೂದಲು ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ.

ಪ್ರಶ್ನೆ: ಈಗ ಏನು ಮಾಡುತ್ತಿದ್ದೀರಿ?
ಓದುಗ, ಕಡೂರು

ಕಾಫಿ ಕಣದ ಮೇಲೆ ಒಂದು ಟ್ರ್ಯಾಕ್. ಜನವರಿಯಲ್ಲಿ ಸಕಲೇಶಪುರದ ಹತ್ತಿರ ಒಂದು ತೋಟದಲ್ಲಿ, ಒಣಹಾಕಿದ ಕಾಫಿಯನ್ನು ಹೆಂಗಸರು ಮರದ ಹಲಗೆಯಿಂದ ಎಳೆದು ತಿರುವುವ ಸದ್ದು ರೆಕಾರ್ಡ್ ಮಾಡಿಕೊಂಡು ಬಂದೆ. ಬೆಳಿಗ್ಗೆ ಹಸಿ ಹಣ್ಣು ಮೆತ್ತಗೆ ಸರಿಯುತ್ತದೆ. ನಾಲ್ಕೈದು ದಿನ ಬಿಸಿಲು ಕಂಡ ಮೇಲೆ ಗಲಗಲ ಎನ್ನಲು ಶುರು. ಪೂರ್ತಿ ಒಣಗಿದಾಗ 808 ಡ್ರಮ್ ಮೆಷಿನ್ನಿನ ಮರಾಕಸ್ (ಗಿಲಕಿಯಂಥ ವಾದ್ಯ) ದನಿಗೆ ತುಂಬಾ ಹತ್ತಿರ ಬರುತ್ತದೆ. ಹನ್ನೆರಡು ದಿನದ ಸದ್ದನ್ನು ಏಳು ನಿಮಿಷಕ್ಕೆ ತರಬೇಕು. ಎಳೆದವರ ಹೆಸರು, ಪಾಲು ಇದರಲ್ಲೂ ಇರುತ್ತದೆ.

ಇನ್ನೂ ಕೂಡಿಬಂದಿಲ್ಲ. ಮೊದಲ ಎರಡು ನಿಮಿಷದಲ್ಲಿ ಏನೋ ಜಾಸ್ತಿಯಾಗಿದೆ. ನಿನ್ನೆ ರಾತ್ರಿ ಅಪ್ಪನನ್ನು ಕೂರಿಸಿ ಕೇಳಿಸಿದೆ. ಅವರು ಅಂಗೈಯನ್ನು ಬಾಕ್ಸಿನ ಮೇಲೆ ಇಟ್ಟುಕೊಂಡು ಕೇಳುತ್ತಾರೆ. ಸಿಂಥ್ ಎಂದು ನಾನು ಅಂದುಕೊಂಡಿದ್ದೆ, ಅವರು ಬೇಸ್ ಎಂದರು. ಇವತ್ತು ಸಂಜೆ ಅದನ್ನು ತೆಗೆದು ನೋಡಬೇಕು.